280 ವರ್ಷಗಳ ವಿರಹ ಎಲ್ಲಿ ಹೋಯಿತು?

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಾರವಾರವೂ ಪ್ರಕಟವಾಗಿ ಈಚೆಗೆ ಮುಕ್ತಾಯಗೊಂಡ, ಅನ್ಯಗ್ರಹವೊಂದರಲ್ಲಿ ನಡೆಯುವ ಪ್ರೇಮಕಥೆಯ ಧಾರಾವಾಹಿಯನ್ನು ಒಂದು ಕಂತನ್ನೂ ಬಿಡದೆ ಓದಿದವರಲ್ಲಿ ಒಬ್ಬಳಾಗಿ ಈ ಪತ್ರ ಬರೆಯುತ್ತಿದ್ದೇನೆ. ಕಾದಂಬರಿಯ ಹೆಸರನ್ನೂ ಲೇಖಕರ ಹೆಸರನ್ನೂ ಬೇಕೆಂದೇ ಇಲ್ಲಿ ಬರೆದಿಲ್ಲ. ಓದಿದವರಿಗೆ ಯಾವುದೆಂದು ತಿಳಿಯುತ್ತದೆ. ಓದದವರ ಮುಂದೆ ಹೊಸ ಲೇಖಕರೊಬ್ಬರ ಮೊದಲ ಕೃತಿಗೆ ಕೆಟ್ಟ ಹೆಸರು ತರುವುದು ನನ್ನ ಉದ್ದೇಶವಲ್ಲ. ಆದರೆ ಇದು ಸದ್ಯದಲ್ಲೇ ಪುಸ್ತಕರೂಪದಲ್ಲಿ ಹೊರಬರಲಿದೆ ಎಂಬ ಪ್ರಕಟಣೆ ಕೊನೆಯ ಕಂತಿನ ಅಡಿಯಲ್ಲಿ ಇದ್ದುದರಿಂದ, ಅಚ್ಚಿಗೆ ಹೋಗುವ ಮೊದಲೇ ಹೇಳಬೇಕಾದದ್ದನ್ನು ಹೇಳಿಬಿಡುವುದು ಲೇಸೆನಿಸಿತು.

ಕಥೆ ನಡೆಯುವ ಗ್ರಹ ಲೇಖಕರು ಕಟ್ಟಿಕೊಂಡ ಕಲ್ಪನೆಯಲ್ಲ. ನಮ್ಮ ಸೂರ್ಯನಿಗೆ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯನ್ನು ಸುತ್ತುವ, 2016ರ ಆಗಸ್ಟ್‌ನಲ್ಲಿ ಖಗೋಳ ವಿಜ್ಞಾನಿಗಳು ಜಗತ್ತಿಗೆ ತಿಳಿಸಿದ ಪ್ರಾಕ್ಸಿಮಾ ಬಿ ಎಂಬ ಗ್ರಹವದು. ಇಲ್ಲಿಂದ ಅದು 4.24 ಜ್ಯೋತಿರ್ವರ್ಷ ದೂರದಲ್ಲಿದೆ; ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ. ತನ್ನ ನಕ್ಷತ್ರವನ್ನು ಸುಮಾರು 11.2 ದಿನಗಳಲ್ಲಿ ಒಂದು ಸುತ್ತು ಹಾಕುತ್ತದೆ. ಅಂದರೆ ನಮ್ಮ ಹನ್ನೊಂದು ದಿನಕ್ಕೆ ಅಲ್ಲಿ ಒಂದು ವರ್ಷವೇ ಕಳೆದುಹೋಗುತ್ತದೆ. ಆ ನಕ್ಷತ್ರ ಕೆಂಪು ಕುಬ್ಜವೆಂಬ, ಸೂರ್ಯನಿಗಿಂತ ಚಿಕ್ಕದಾದ ತಂಪಾದ ಜಾತಿಯದು, ಇಷ್ಟು ಹತ್ತಿರವಿದ್ದೂ ಬರಿಗಣ್ಣಿಗೆ ಕಾಣದಷ್ಟು ಮಂಕು. ಅದರ ಒಡನಾಡಿಯಾದ ಆಲ್ಫಾ ಸೆಂಟಾರಿಯನ್ನಾದರೆ ಮೇ ತಿಂಗಳ ಕೊನೆಯ ವಾರದಲ್ಲಿ ರಾತ್ರಿ ಹತ್ತರ ಸುಮಾರಿಗೆ ಮುಂಬಯಿಯಿಂದಲೂ ನೋಡಬಹುದು. ದಕ್ಷಿಣ ದಿಗಂತದಿಂದ ಬರೀ ಹತ್ತು ಡಿಗ್ರಿ ಮೇಲೆ ಇರುತ್ತದೆ, ನಗರದ ದೀಪಗಳೂ ಧೂಳೂ ದಾರಿ ಬಿಟ್ಟುಕೊಟ್ಟರೆ.

ಮೊದಲ ನಾಲ್ಕೈದು ಕಂತುಗಳನ್ನು ನಾನು ನಿಜವಾಗಿಯೂ ಸಂತೋಷದಿಂದ ಓದಿದೆ. ಗ್ರಹದ ಒಂದು ಮುಖ ಯಾವಾಗಲೂ ನಕ್ಷತ್ರದ ಕಡೆಗೇ ತಿರುಗಿರುತ್ತದೆ, ನಮ್ಮ ಚಂದ್ರನ ಒಂದೇ ಮುಖ ನಮಗೆ ಕಾಣುವ ಹಾಗೆ, ಎಂದು ಲೇಖಕರು ಮೊದಲ ಕಂತಿನಲ್ಲೇ ಸ್ಪಷ್ಟಪಡಿಸಿದ್ದರು. ಹಗಲಿನ ಭಾಗದಲ್ಲಿ ಸುಡುವ ಬಿಸಿಲು, ಹಿಂಬದಿಯಲ್ಲಿ ಎಂದೂ ಕರಗದ ಹಿಮ, ಎರಡರ ನಡುವಿನ ಸಂಧ್ಯೆಯ ಪಟ್ಟಿಯಲ್ಲಿ ಮನುಷ್ಯರ ಸಣ್ಣದೊಂದು ವಸತಿ. ದಿಗಂತದಲ್ಲಿ, ನಮ್ಮ ಸೂರ್ಯನಿಗಿಂತ ಮೂರು ಪಟ್ಟು ಅಗಲವಾಗಿ, ಒಂದೇ ಜಾಗದಲ್ಲಿ ಅಲುಗಾಡದೆ ನಿಂತ ಕೆಂಪು ಬಿಂಬ. ಕತ್ತಲಿನ ಕಡೆಯಿಂದ ಬೆಳಕಿನ ಕಡೆಗೆ ನೆಲ ಸವರಿಕೊಂಡು ನಿಲ್ಲದೆ ಬೀಸುವ ತಣ್ಣನೆಯ ಗಾಳಿ. ಆ ಮಂದ ಬೆಳಕಿನ ಕಣಕಣವನ್ನೂ ಹೀರಿಕೊಳ್ಳಬೇಕಾದ್ದರಿಂದ ಹೆಚ್ಚುಕಡಿಮೆ ಕಪ್ಪಾಗಿರುವ ಎಲೆಗಳು. ಇವೆಲ್ಲ ಇಂಥ ಗ್ರಹಗಳ ಬಗ್ಗೆ ವಿಜ್ಞಾನಿಗಳು ಮಾಡಿರುವ ಊಹೆಗಳಿಗೆ ಹೊಂದಿಕೊಳ್ಳುವ ಚಿತ್ರಗಳು, ಮತ್ತು ಅವನ್ನು ಕನ್ನಡದಲ್ಲಿ ಇಷ್ಟು ಲೀಲಾಜಾಲವಾಗಿ ಬರೆದದ್ದನ್ನು ನಾನು ಕಂಡದ್ದು ಕಡಿಮೆ. ಮೂರನೆಯ ಕಂತಿನ ಘಟನೆಯಂತೂ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪ್ರಾಕ್ಸಿಮಾ ಆಗಾಗ ಸಿಡಿಯುವ ಸ್ವಭಾವದ ನಕ್ಷತ್ರ. 2016ರ ಮಾರ್ಚ್‌ನಲ್ಲಿ ಅದು ಕೆಲವೇ ನಿಮಿಷಗಳ ಮಟ್ಟಿಗೆ ಸುಮಾರು 68 ಪಟ್ಟು ಹೆಚ್ಚು ಪ್ರಕಾಶಮಾನವಾಗಿದ್ದು ದಾಖಲಾಗಿದೆ. ಅಂಥದ್ದೊಂದು ಸಿಡಿತದ ಮುನ್ಸೂಚನೆ ಬಂದು ಸೈರನ್ ಕೂಗಿ, ಎಲ್ಲರೂ ಗುಹೆಗಳಿಗೆ ಓಡುವಾಗ, ಪುಣೆಯಿಂದ ಹೋದ ಸಸ್ಯವಿಜ್ಞಾನಿ ನಾಯಕಿಯೂ ಆ ಗ್ರಹದಲ್ಲೇ ಹುಟ್ಟಿದ ನಾಯಕನೂ ಒಂದೇ ಗುಹೆಯಲ್ಲಿ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ, ಹೊರಗಿನ ಬೆಳಕು ಆರುವವರೆಗೆ ಕೂತಿರುತ್ತಾರೆ. ಪ್ರೇಮಕಥೆಯ ಮೊದಲ ಭೇಟಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಬೇಸರದ ಸಂಗತಿಯೆಂದರೆ, ಆ ನಕ್ಷತ್ರ ಇಡೀ ಕಾದಂಬರಿಯಲ್ಲಿ ಮತ್ತೊಮ್ಮೆ ಸಿಡಿಯುವುದೇ ಇಲ್ಲ. ಪ್ರೇಮ ಶುರುವಾದದ್ದೇ ತಡ, ಗ್ರಹ ತೆರೆಮರೆಗೆ ಸರಿಯಿತು. ಆರನೆಯ ಕಂತು ‘ಮರುದಿನ ಬೆಳಗ್ಗೆ’ ಎಂದೇ ಆರಂಭವಾಗುತ್ತದೆ. ಬೆಳಗೇ ಆಗದ ಲೋಕದಲ್ಲಿ ಯಾವ ಮರುದಿನ, ಯಾವ ಬೆಳಗು? ಅದಾದ ಮೇಲೆ ನಾಯಕ ನಾಯಕಿ ಸೂರ್ಯ ಮುಳುಗುವುದನ್ನು ನೋಡಲು ಬೆಟ್ಟದ ತುದಿಗೆ ಹೋಗುತ್ತಾರೆ, ಬೆಳದಿಂಗಳಲ್ಲಿ ಕೈಹಿಡಿದು ನಡೆಯುತ್ತಾರೆ, ಮಳೆಗಾಲ ಬಂತೆಂದು ಹಿಗ್ಗುತ್ತಾರೆ. ಸೂರ್ಯ ಅಲುಗಾಡುವುದಿಲ್ಲವೆಂದು ಹೇಳಿದವರು ಬೇರೆ ಯಾರೂ ಅಲ್ಲ, ಲೇಖಕರೇ. ಚಂದ್ರನ ಮಾತಂತೂ ಹಿಂದೆ ಎಲ್ಲೂ ಬಂದಿರಲಿಲ್ಲ. ಇವನ್ನು ನಾನು ವಿಜ್ಞಾನದ ತಪ್ಪುಗಳೆಂದು ಎತ್ತಿ ಆಡುತ್ತಿಲ್ಲ. ತಾನೇ ಕಟ್ಟಿದ ಲೋಕದ ಮೇಲೆ ಬರೆಯುವವರಿಗೇ ನಂಬಿಕೆ ಉಳಿಯಲಿಲ್ಲ ಎಂಬುದರ ಗುರುತುಗಳು ಇವು.

ವಿಜ್ಞಾನ ಕಾದಂಬರಿ ಬರೆಯುವವರಿಗೆ ಒಂದು ಸುಳ್ಳು ಮಾಫಿ ಎಂದು ಒಪ್ಪಿಕೊಂಡೇ ನಾನು ಓದಲು ಕೂತವಳು. 1977ರಲ್ಲಿ ಹೊರಟ ವಾಯೇಜರ್ 1 ಬಾಹ್ಯಾಕಾಶ ನೌಕೆಗೆ ಈಗಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರಿನಂತೆ, ಇಷ್ಟು ದೂರ ಕ್ರಮಿಸಲು 70 ಸಾವಿರಕ್ಕೂ ಹೆಚ್ಚು ವರ್ಷಗಳು ಬೇಕು. ಆದ್ದರಿಂದ ಬೆಳಕಿನ ವೇಗದ ಶೇಕಡಾ 99ರಷ್ಟು ವೇಗದಲ್ಲಿ ಹೋಗುವ ನೌಕೆಯೊಂದನ್ನು ಲೇಖಕರು ಕಲ್ಪಿಸಿಕೊಂಡಾಗ ನಾನು ತಕರಾರು ತೆಗೆಯಲಿಲ್ಲ. ಅದಿಲ್ಲದಿದ್ದರೆ ಕಥೆಯೇ ಇಲ್ಲ. ಆ ಗ್ರಹದಲ್ಲಿ ಜೀವಿಗಳಿದ್ದಾರೆ ಎಂಬುದನ್ನೂ ಒಪ್ಪಿದೆ. ಆದರೆ ಒಂದು ಸುಳ್ಳನ್ನು ಒಪ್ಪಿಕೊಂಡ ಓದುಗರಿಗೆ ಅದರಿಂದ ಹುಟ್ಟುವ ನಿಜಗಳನ್ನಾದರೂ ನೆಟ್ಟಗೆ ಕೊಡಬೇಕಲ್ಲವೇ?

ನಾಯಕನನ್ನೇ ನೋಡಿ. ನಾಲ್ಕು ಜ್ಯೋತಿರ್ವರ್ಷ ದೂರದಲ್ಲಿ, ಬೇರೆಯೇ ಒಂದು ಮೂಲದಿಂದ ವಿಕಾಸಗೊಂಡ ಜೀವಿ ಆರಡಿ ಎತ್ತರ, ಅಗಲವಾದ ಎದೆ, ನೀಲಿ ಕಣ್ಣುಗಳ ಸುಂದರ ಯುವಕನಾಗಿದ್ದಾನೆ. ಚರ್ಮದ ಬಣ್ಣವೊಂದನ್ನು ಬಿಟ್ಟರೆ ಅವನು ನಮ್ಮ ಕಿರುತೆರೆಯ ಯಾವ ನಾಯಕನಾದರೂ ಆಗಬಹುದಿತ್ತು. ಕೊರಳಲ್ಲಿ ಧರಿಸುವ ಯಂತ್ರವೊಂದರ ಕೃಪೆಯಿಂದ ಏಳನೆಯ ಕಂತಿನ ಹೊತ್ತಿಗೆ ಅಚ್ಚುಕಟ್ಟಾದ ಕನ್ನಡವನ್ನೂ ಆಡುತ್ತಾನೆ. ಮುಂಬಯಿಗೆ ಬಂದು ಮರಾಠಿ ನೆಟ್ಟಗೆ ನಾಲಿಗೆಗೆ ಒಗ್ಗಲು ವರ್ಷಗಟ್ಟಲೆ ಒದ್ದಾಡಿದ ನಮ್ಮಂಥವರಿಗೆ ಹೊಟ್ಟೆಕಿಚ್ಚಾಗುವಷ್ಟು. ನಾಯಕಿ ಮಾಡಿಕೊಟ್ಟ ಹೋಳಿಗೆಯನ್ನು ಇಬ್ಬರೂ ಒಂದೇ ತಟ್ಟೆಯಲ್ಲಿ ಹಂಚಿಕೊಂಡು ತಿನ್ನುವ ಸನ್ನಿವೇಶ ಲೇಖಕರಿಗೆ ತುಂಬ ಪ್ರಿಯವಾದದ್ದೆಂದು ಕಾಣುತ್ತದೆ, ಎರಡು ಸಲ ಬಂದಿದೆ. ಭೂಮಿಯ ಜೀವಿಗಳ ಪ್ರೋಟೀನುಗಳೆಲ್ಲ ‘ಎಡಗೈ’ ರಚನೆಯ ಅಮೈನೋ ಆಮ್ಲಗಳಿಂದ ಆದಂಥವು. ಬೇರೊಂದು ಲೋಕದ ಜೀವ ಅದರ ಕನ್ನಡಿ ಬಿಂಬದಂತಿರುವ ‘ಬಲಗೈ’ ರಚನೆಯನ್ನು ಆರಿಸಿಕೊಂಡಿದ್ದರೆ, ಅವಳ ಅಡುಗೆಯಿಂದ ಅವನಿಗೆ, ಅವನ ಅಡುಗೆಯಿಂದ ಅವಳಿಗೆ ಪುಷ್ಟಿಯೇ ಸಿಗದು. ಹೊಟ್ಟೆ ತುಂಬಿದರೂ ಮೈಗೆ ಹತ್ತುವುದಿಲ್ಲ. ಹೊತ್ತುಹೊತ್ತಿಗೆ ಎದುರೆದುರು ಕೂತು ಉಣ್ಣುವುದೇ ಅರ್ಧ ಸಂಸಾರವೆಂದು ನಂಬಿರುವ ನಮ್ಮಂಥ ಜನಕ್ಕೆ, ಜೀವನಪೂರ್ತಿ ಬೇರೆಬೇರೆ ಅಡುಗೆಯನ್ನೇ ಉಣ್ಣಬೇಕಾದ ಇಬ್ಬರು ಪ್ರೇಮಿಗಳ ಪಾಡು ಎಂಥ ಕಥೆಯಾಗುತ್ತಿತ್ತು! ಅದನ್ನು ಬಿಟ್ಟು ಲೇಖಕರು ಹೋಳಿಗೆಗೆ ತುಪ್ಪ ಹಾಕಿ ಮುಗಿಸಿದರು.

ಕೊನೆಯ ಕಂತಿನಲ್ಲಿ ಇಬ್ಬರಿಗೂ ಮಗುವಾದದ್ದರ ಬಗ್ಗೆ ಹೆಚ್ಚು ಹೇಳುವುದು ಬೇಡ. ಕುದುರೆ ಕತ್ತೆಗಳು ಹತ್ತಿರದ ಬಂಧುಗಳಾಗಿದ್ದರೂ ಅವುಗಳಿಗೆ ಹುಟ್ಟುವ ಹೇಸರಗತ್ತೆಗೆ ಸಾಮಾನ್ಯವಾಗಿ ಸಂತಾನವಾಗುವುದಿಲ್ಲ. ಭೂಮಿಯ ಜೀವಿಗಳಿಗೆಲ್ಲ ಮೂಲ ಒಂದೇ ಆದ್ದರಿಂದ, ಆ ನಾಯಕನಿಗಿಂತ ನಮ್ಮ ಊರಿನ ಹಿತ್ತಲಿನ ಬಾಳೆಗಿಡವೇ ನಾಯಕಿಗೆ ಹತ್ತಿರದ ನಂಟ. ಸ್ವತಃ ಸಸ್ಯವಿಜ್ಞಾನಿಯಾದ ಆಕೆಗಾದರೂ ಇದು ಹೊಳೆಯಬೇಕಿತ್ತು.

ನನ್ನ ಮುಖ್ಯ ದೂರು ಇವುಗಳಲ್ಲಿ ಯಾವುದೂ ಅಲ್ಲ. ನಾಯಕಿಯ ತಾಯಿಗೆ ಕಾಯಿಲೆಯೆಂದು ಸುದ್ದಿ ಬಂದು, ಅವಳು ಪುಣೆಗೆ ಹೋಗಿ ತಾಯಿಯನ್ನು ನೋಡಿ ಮರಳಿ ಬರುವ ಭಾಗ ಈ ಕಾದಂಬರಿಯ ನಡುಗಂಬವಾಗಬೇಕಿತ್ತು. ಅದು ಒಂದೂವರೆ ಕಂತಿನಲ್ಲಿ ಮುಗಿದುಹೋಗಿದೆ. ಮೊದಲನೆಯದಾಗಿ, ತಾಯಿ ಮಗಳು ವಿಡಿಯೋ ಕರೆಯಲ್ಲಿ ಎದುರುಬದುರು ಮಾತಾಡುತ್ತಾರೆ; ‘ಹೇಗಿದ್ದೀಯಮ್ಮಾ’ ಎಂದರೆ ಥಟ್ಟನೆ ‘ನನಗೇನಾಗಿದೆ ಮಗಾ’ ಎಂಬ ಉತ್ತರ ಬರುತ್ತದೆ. ಬೆಳಕಿಗಿಂತ ಬೇಗ ಯಾವ ಸಂದೇಶವೂ ಹೋಗಲಾರದು. ಅಲ್ಲಿಂದ ಕೇಳಿದ ಪ್ರಶ್ನೆ ಪುಣೆಯನ್ನು ಮುಟ್ಟಲು ನಾಲ್ಕು ವರ್ಷ ಮೂರು ತಿಂಗಳು, ಉತ್ತರ ತಿರುಗಿ ಬರಲು ಇನ್ನೊಂದು ಅಷ್ಟು. ಕಾಯಿಲೆಯ ಸುದ್ದಿ ಮಗಳ ಕಿವಿಗೆ ಬೀಳುವ ಹೊತ್ತಿಗೆ ಅದು ನಾಲ್ಕು ವರ್ಷ ಹಳೆಯದು. ತಾಯಿ ಗುಣವಾಗಿದ್ದಾಳೋ, ಇದ್ದಾಳೋ ಇಲ್ಲವೋ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೂ ಹೋಗಬೇಕೋ ಬೇಡವೋ ಎಂದು ಅವಳು ತೀರ್ಮಾನಿಸಬೇಕು. ಎಂಥ ಇಕ್ಕಟ್ಟು ಅದು! ಲೇಖಕರು ಅದನ್ನು ಕೈಯಾರೆ ಕಳೆದುಕೊಂಡರು.

ಎರಡನೆಯದು ಪ್ರಯಾಣ. ಬೆಳಕಿನ ವೇಗದ ಶೇಕಡಾ 99ರಲ್ಲಿ ಹೋಗುವ ನೌಕೆ 4.24 ಜ್ಯೋತಿರ್ವರ್ಷ ಕ್ರಮಿಸಲು ಭೂಮಿಯ ಗಡಿಯಾರದಲ್ಲಿ ಸುಮಾರು ನಾಲ್ಕು ವರ್ಷ ಮೂರೂವರೆ ತಿಂಗಳು ಹಿಡಿಯುತ್ತದೆ. ಐನ್‌ಸ್ಟೈನ್ 1905ರಲ್ಲೇ ತೋರಿಸಿಕೊಟ್ಟಂತೆ, ಅಷ್ಟು ವೇಗದಲ್ಲಿರುವವರ ಗಡಿಯಾರ ನಮ್ಮ ಲೆಕ್ಕದಲ್ಲಿ ಏಳು ಪಟ್ಟು ನಿಧಾನವಾಗಿ ನಡೆಯುತ್ತದೆ. ನೌಕೆಯೊಳಗಿನ ನಾಯಕಿಗೆ ಕಳೆಯುವುದು ಏಳು ತಿಂಗಳು ಚಿಲ್ಲರೆ ಮಾತ್ರ. ಹೋಗಿ ಬರುವುದೆರಡೂ ಸೇರಿದರೆ, ನೌಕೆ ವೇಗ ಹೆಚ್ಚಿಸುವ ತಗ್ಗಿಸುವ ಕಾಲವನ್ನು ಬಿಟ್ಟೇ ಲೆಕ್ಕ ಹಾಕಿದರೂ, ಅವಳಿಗೆ ಒಂದು ವರ್ಷ ಎರಡೂವರೆ ತಿಂಗಳು ವಯಸ್ಸಾಗಿರುತ್ತದೆ, ಹಿಂದೆ ಉಳಿದ ನಾಯಕನಿಗೆ ಎಂಟೂವರೆ ವರ್ಷಕ್ಕೂ ಮಿಕ್ಕಿ. ಅದೂ ನಮ್ಮ ವರ್ಷಗಳ ಲೆಕ್ಕ. ಅವನ ಲೋಕದ ವರ್ಷ ಹನ್ನೊಂದೇ ದಿನದ್ದಾದ್ದರಿಂದ, ಅವನು ಎಣಿಸಿದ್ದರೆ ಸುಮಾರು 280 ವರ್ಷ ಕಾದಿರುತ್ತಾನೆ. ಸೂರ್ಯ ಹುಟ್ಟದ, ಮುಳುಗದ ಆಕಾಶದ ಕೆಳಗೆ ದಿನ ಎಣಿಸುವುದಕ್ಕೂ ಗುರುತಿಲ್ಲದೆ ಕಾಯುವುದೆಂದರೇನು, ಮರಳಿ ಬಂದವಳ ಮುಖದಲ್ಲಿ ಒಂದೇ ವರ್ಷದ ಬದಲಾವಣೆ ಕಂಡಾಗ ಅವನಿಗೆ ಏನನ್ನಿಸುತ್ತದೆ, ತಾನು ಕಾದದ್ದು ಅವಳಿಗೆ ಅರ್ಥವಾಗುವುದಾದರೂ ಸಾಧ್ಯವೇ? ನಮ್ಮ ಲೇಖಕರ ನಾಯಕ ಅವಳು ಬೀಳ್ಕೊಂಡ ಜಾಗದಲ್ಲೇ, ಅವಳು ಕೊಟ್ಟ ಹೂವನ್ನೇ ಹಿಡಿದು ನಿಂತಿದ್ದಾನೆ. ಹೂವೂ ಬಾಡಿಲ್ಲ. ‘ಎರಡು ತಿಂಗಳು ಎರಡು ಯುಗವಾಯಿತು’ ಎನ್ನುತ್ತಾನೆ. ಯುಗದ ಉಪಮೆಗೆ ಹೋದವರಿಗೆ ಪಕ್ಕದಲ್ಲೇ ನಿಜವಾದ ಯುಗ ಬಿದ್ದಿದ್ದು ಕಾಣಲಿಲ್ಲ.

ಮಾಟುಂಗಾದಲ್ಲಿ ನಾವು ಕೆಲವರು ಕನ್ನಡ ಓದುಗರು ಭಾನುವಾರ ಸಂಜೆ ಸೇರಿದಾಗ ನಾನು ಈ ಲೆಕ್ಕ ಹೇಳಿದ್ದಕ್ಕೆ ಒಬ್ಬರು, “ಟೀಚರೇ, ಪ್ರೀತಿ ಪ್ರೇಮದ ಕಥೆಗೆ ಗಣಿತ ಯಾಕೆ ತರ್ತೀರಿ?” ಎಂದು ನಕ್ಕರು. ಅದಕ್ಕೆ ನನ್ನ ಉತ್ತರ ಕಾಳಿದಾಸನ ‘ಮೇಘದೂತ’ದಲ್ಲಿ ಹೆಂಡತಿಯನ್ನು ಅಗಲಿದ ಯಕ್ಷ. ಅವನಿಗಾದ ಶಾಪ ಒಂದೇ ವರ್ಷದ್ದು. ಅದರಲ್ಲಿ ಉಳಿದಿದ್ದದ್ದು ನಾಲ್ಕು ತಿಂಗಳು ಎಂಬ ಲೆಕ್ಕವನ್ನು ಕವಿಯೇ ಕೊಡುತ್ತಾನೆ. ನಾಗಪುರದ ಹತ್ತಿರದ ರಾಮಟೇಕ್ ಎಂದು ಹಲವರು ಗುರುತಿಸುವ ರಾಮಗಿರಿಯಿಂದ ಹೆಂಡತಿಯಿರುವ ಅಲಕೆಯವರೆಗೆ ಯಾವ ನದಿ, ಯಾವ ಬೆಟ್ಟ, ಯಾವ ಪಟ್ಟಣ ದಾಟಿ ಹೋಗಬೇಕೆಂದು ಮೋಡಕ್ಕೆ ಹೇಳುವುದರಲ್ಲೇ ಕಾವ್ಯದ ಪೂರ್ವಭಾಗ ಮುಗಿಯುತ್ತದೆ. ದೂರವನ್ನೂ ಕಾಲವನ್ನೂ ಅಷ್ಟು ನಿಖರವಾಗಿ ಹಿಡಿದದ್ದರಿಂದಲೇ ಆ ವಿರಹ ನಮ್ಮನ್ನು ತಟ್ಟುತ್ತದೆ. ಒಂದು ವರ್ಷದ ಅಗಲಿಕೆಯಿಂದ ಅವನು ಅಷ್ಟನ್ನು ಪಡೆದ. ನಮ್ಮವರು 280 ವರ್ಷಗಳನ್ನು ಕೈಯಲ್ಲಿಟ್ಟುಕೊಂಡು ಬಾಡದ ಹೂವನ್ನು ಬರೆದರು.

ಮುಂಬಯಿಯ ಕನ್ನಡಿಗರಿಗಂತೂ ಇದು ದೂರದ ಮಾತಲ್ಲ. ಉಡುಪಿ, ದಕ್ಷಿಣ ಕನ್ನಡದಿಂದ ಹೋಟೆಲು ಕೆಲಸಕ್ಕೆಂದು ಹುಡುಗರಾಗಿ ಬಂದು, ರಾತ್ರಿಶಾಲೆಯಲ್ಲಿ ಓದಿ, ಊರಿನಲ್ಲಿ ಮದುವೆಯಾಗಿ ಹೆಂಡತಿಯನ್ನು ಅಲ್ಲೇ ಬಿಟ್ಟು ಮರಳಿದವರ ತಲೆಮಾರೊಂದು ನಮ್ಮ ಕಣ್ಣೆದುರೇ ಇತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲು ತೊಡಗುವವರೆಗೆ ಊರೆಂದರೆ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ. ಎಷ್ಟೋ ಜನರಿಗೆ ವರ್ಷಕ್ಕೊಮ್ಮೆ ಮಾತ್ರ ರಜೆ. ಇನ್‌ಲ್ಯಾಂಡ್ ಪತ್ರದಲ್ಲಿ ‘ಮಗುವಿಗೆ ಜ್ವರ’ ಎಂದು ಬರೆದದ್ದು ಇಲ್ಲಿ ತಲುಪುವ ಹೊತ್ತಿಗೆ ಅಲ್ಲಿ ಮಗು ಎದ್ದು ಆಡುತ್ತಿರುತ್ತಿತ್ತು, ಇಲ್ಲಿ ತಂದೆ ಊಟ ಬಿಟ್ಟಿರುತ್ತಿದ್ದ. ಸುದ್ದಿ ತಡವಾಗಿ ಬರುವುದೆಂದರೇನು, ಇಬ್ಬರ ಕಾಲ ಬೇರೆಬೇರೆಯಾಗಿ ಸಾಗುವುದೆಂದರೇನು ಎಂಬುದನ್ನು ಬಲ್ಲ ಓದುಗರ ಮುಂದೆ ಈ ಕಥೆ ಬಂದಿತ್ತು. ಲೇಖಕರೂ ಇದೇ ಪಶ್ಚಿಮ ತೀರದವರೆಂದು ಪರಿಚಯದಲ್ಲಿ ಓದಿದ್ದರಿಂದ ನನ್ನ ನಿರೀಕ್ಷೆ ಇನ್ನಷ್ಟು ಹೆಚ್ಚಿತ್ತು.

ಪ್ರೇಮಕಥೆಯೆಂದೇ ತೂಗಿ ನೋಡಿದರೂ ಕಾದಂಬರಿ ಸೊರಗಿದೆ. ಅಷ್ಟು ದೂರದ ಅಪಾಯದ ಪಯಣಕ್ಕೆ ಒಬ್ಬಳೇ ಹೊರಟ ವಿಜ್ಞಾನಿ, ನಾಯಕನನ್ನು ಮೆಚ್ಚಿದ ಕ್ಷಣದಿಂದ ಪ್ರಯೋಗಾಲಯದ ಬಾಗಿಲು ತೆರೆಯುವುದಿಲ್ಲ. ಕಪ್ಪೆಲೆಯ ಆ ಗಿಡಗಳಲ್ಲಿ ಒಂದಕ್ಕಾದರೂ ಅವಳು ಹೆಸರಿಟ್ಟಳೇ? ಇಲ್ಲ. ಅವಳ ಕಡತಗಳು ಏನಾದವು ಎಂದು ಕೇಳುವವರೂ ಕಥೆಯಲ್ಲಿ ಯಾರೂ ಇಲ್ಲ. ಬೇಡವೆಂದರೂ ಬಿಡದೆ ಅವಳ ಬೆನ್ನು ಹತ್ತುವ ನಾಯಕನ ಹಟವನ್ನು ಲೇಖಕರು ಪ್ರೇಮದ ಉತ್ಕಟತೆಯೆಂದು ಬಣ್ಣಿಸುತ್ತಾರೆ. ಬೇರೆ ಲೋಕದವನಾದರೂ ಈ ಚಾಳಿಯನ್ನು ನಮ್ಮ ಸಿನಿಮಾಗಳಿಂದ ಕಲಿತಂತಿದೆ. ಇಬ್ಬರ ನಡುವೆ ಬರುವ ಅಡ್ಡಿಯಾದರೂ ಏನು? ವಸತಿಯ ಇನ್ನೊಬ್ಬ ಹೆಂಗಸಿನ ಹೊಟ್ಟೆಕಿಚ್ಚು, ಬಾಗಿಲ ಮರೆಯಿಂದ ಅರ್ಧ ಕೇಳಿಸಿಕೊಂಡ ಮಾತು, ಅದರಿಂದ ಹುಟ್ಟಿದ ತಪ್ಪು ತಿಳಿವಳಿಕೆ. ಇಷ್ಟಕ್ಕೆ ಪ್ರಾಕ್ಸಿಮಾದವರೆಗೆ ಹೋಗಬೇಕಿರಲಿಲ್ಲ, ಡೊಂಬಿವಲಿಯ ಯಾವುದಾದರೂ ಹೌಸಿಂಗ್ ಸೊಸೈಟಿ ಸಾಕಿತ್ತು.

ವಿಜ್ಞಾನ ಬಲ್ಲವರು ಭಾವ ಬರೆಯಲಾರರು, ಭಾವ ಬರೆಯುವವರಿಗೆ ವಿಜ್ಞಾನದ ಹಂಗು ಬೇಡ ಎಂಬ ಸಮಾಧಾನವನ್ನು ಈ ಊರಿನಲ್ಲಿ ಕೂತು ಯಾರೂ ಹೇಳುವಂತಿಲ್ಲ. ಪಾಲಿಮರ್ ಉದ್ಯಮದಲ್ಲಿ ದುಡಿಯುತ್ತ ಮನುಷ್ಯನ ಒಳಗಿನ ಭಯಗಳನ್ನು ಬರೆದ ಯಶವಂತ ಚಿತ್ತಾಲರು ಮುಂಬಯಿಯವರು. ಜೀವರಸಾಯನ ಶಾಸ್ತ್ರ ಓದಿ ಇಲ್ಲಿನ ಔಷಧ ಕಂಪನಿಗಳಲ್ಲಿ ಕೆಲಸ ಮಾಡಿದ ಜಯಂತ ಕಾಯ್ಕಿಣಿಯವರ ಕಥೆಗಳ ಆರ್ದ್ರತೆಯನ್ನು ನಾನು ಹೇಳಬೇಕಾಗಿಲ್ಲ. ನೆರೆಯ ಮರಾಠಿಯಲ್ಲಿ 1966ರಲ್ಲಿ ಹುಟ್ಟಿದ ಮರಾಠಿ ವಿಜ್ಞಾನ ಪರಿಷತ್ತು ವಿಜ್ಞಾನ ಕಥಾಸ್ಪರ್ಧೆ ನಡೆಸಿತು; ಖ್ಯಾತ ಖಗೋಳ ವಿಜ್ಞಾನಿ ಜಯಂತ ನಾರಳೀಕರರು ತಮ್ಮ ಮೊದಲ ಕಥೆಯನ್ನು ಬೇರೆ ಹೆಸರಿನಲ್ಲಿ ಆ ಸ್ಪರ್ಧೆಗೆ ಕಳುಹಿಸಿ ಬಹುಮಾನ ಪಡೆದರು. ಹೆಸರಿನ ಬಲವಿಲ್ಲದೆ ಕಥೆ ತನ್ನ ಕಾಲಮೇಲೆ ನಿಲ್ಲುತ್ತದೆಯೋ ನೋಡೋಣ ಎಂಬ ಆ ಮನೋಧರ್ಮ ನನಗೆ ಬಹಳ ಇಷ್ಟ. ಪುಣೆಯಲ್ಲಿ ಐಯುಕಾ ಎಂಬ ಖಗೋಳ ಸಂಶೋಧನಾ ಸಂಸ್ಥೆಯನ್ನು ಕಟ್ಟಿ, ನಡುವೆ ಮರಾಠಿಯಲ್ಲಿ ಕಥೆ ಬರೆಯುತ್ತಲೇ ಇದ್ದ ಅವರು ಮುಂದೆ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ನಾಯಕಿಯನ್ನು ಅದೇ ಪುಣೆಯಿಂದ ಹೊರಡಿಸಿದ ಲೇಖಕರು, ಅಲ್ಲಿನ ಖಗೋಳಾಸಕ್ತ ಕಾಲೇಜು ವಿದ್ಯಾರ್ಥಿಯೊಬ್ಬರಿಗೆ ಹಸ್ತಪ್ರತಿಯನ್ನು ತೋರಿಸಿದ್ದರೂ ಸಾಕಿತ್ತು, ಆರನೆಯ ಕಂತಿನ ಬೆಳಗು ಅಲ್ಲೇ ನಿಲ್ಲುತ್ತಿತ್ತು.

ಪತ್ರಿಕೆಯ ಪಾಲಿನ ಹೊಣೆಯನ್ನೂ ಹೇಳದಿದ್ದರೆ ಪತ್ರ ಅರ್ಧವಾದೀತು. ಧಾರಾವಾಹಿಯ ಚಿತ್ರಗಳಲ್ಲಿ ಆಕಾಶ ಕೊನೆಯವರೆಗೂ ಅಚ್ಚ ನೀಲಿ, ಎಲೆಗಳು ಹಸಿರು, ಅದರ ಮೇಲೆ ಎರಡು ಚಂದ್ರ; ಬರಹ ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಐತಿಹಾಸಿಕ ಕಾದಂಬರಿಯೊಂದರಲ್ಲಿ ಹೊಯ್ಸಳರ ದೊರೆ ಗಡಿಯಾರ ನೋಡಿಕೊಂಡಿದ್ದರೆ ತಮ್ಮ ಉಪಸಂಪಾದಕರು ಅದನ್ನು ಹಾಗೆಯೇ ಬಿಡುತ್ತಿರಲಿಲ್ಲ. ಕಥೆ ಆಕಾಶಕ್ಕೆ ಹೋದಾಕ್ಷಣ ಆ ಎಚ್ಚರ ಯಾಕೆ ಸಡಿಲವಾಗಬೇಕು? ವಿಜ್ಞಾನ ಕಥೆಗಳಿಗೆ ಕನ್ನಡ ಪತ್ರಿಕೆಗಳಲ್ಲಿ ಜಾಗ ಸಿಗುವುದೇ ಅಪರೂಪವಾಗಿರುವಾಗ ತಾವು ಕೊಟ್ಟಿದ್ದೀರಿ, ಅದಕ್ಕೆ ಕೃತಜ್ಞಳು. ಮುಂದಿನ ಸಲ ಅಂಥ ಕೃತಿಯನ್ನು ಅಚ್ಚು ಹಾಕುವ ಮೊದಲು ವಿಷಯ ಬಲ್ಲ ಒಬ್ಬರ ಕಣ್ಣಿಗೆ ಹಾಯಿಸಿ ಎಂಬುದಷ್ಟೇ ಕೋರಿಕೆ.

ಲೇಖಕರಲ್ಲಿ ನನ್ನದು ಬೇರೆ ಕೋರಿಕೆ. ಪುಸ್ತಕಕ್ಕಾಗಿ ತಿದ್ದುವಾಗ ಬೆಳಗು, ಬೆಳದಿಂಗಳುಗಳನ್ನು ತೆಗೆದುಹಾಕುವುದು ಅರ್ಧ ದಿನದ ಕೆಲಸ, ಅಷ್ಟಕ್ಕೇ ನಿಲ್ಲಬಾರದು. ಹೊಟ್ಟೆಕಿಚ್ಚಿನ ಆ ಹೆಂಗಸಿಗೆ ಮೀಸಲಿಟ್ಟ ಪುಟಗಳನ್ನು ಪೂರ್ತಿ ಕೈಬಿಟ್ಟು, ಪುಣೆಯ ಪ್ರಯಾಣದ ಭಾಗವನ್ನು ಹಿಂದೆ ಉಳಿದವನ ಕಡೆಯಿಂದ ಮತ್ತೆ ಬರೆಯಲಿ. ಮೂರನೆಯ ಕಂತಿನ ಗುಹೆಯನ್ನು ಬರೆದ ಕೈಗೆ ಅದು ಸಾಧ್ಯವಿದೆ. ಹಾಗೆ ಬರೆದರೆ ಪುಸ್ತಕವನ್ನು ಬೆಲೆ ಕೊಟ್ಟು ಕೊಳ್ಳುತ್ತೇನೆ, ನಮ್ಮ ಓದುಗರ ಕೂಟದಲ್ಲೂ ಓದಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಭೌತವಿಜ್ಞಾನ ಶಿಕ್ಷಕಿ,
ಮಾಟುಂಗಾ, ಮುಂಬಯಿ